ಕಡೇ ಬಸ್ಸಿನವರ ರೂಮು

೪-೧೧-೨೦೦೧, ಭಾನುವಾರ. ಬೆಂಗಳೂರು

ಈ ಹೋಟೆಲಿನ ಬಾಗಿಲು ಗಾಣದ ಹಾಗೆ ಸುತ್ತುತ್ತದೆ. ಒಳಕ್ಕೆ ಹೋಗುವವನು ಅದರ ಜೊತೆ ತಾನೂ ಸುತ್ತಬೇಕು. ನಾನು ಪೆಟ್ಟಿಗೆ ಹಿಡಿದು ಒಂದು ಸುತ್ತು ಸುತ್ತಿ ಮತ್ತೆ ಬೀದಿಗೇ ಬಂದೆ. ರುಮಾಲು ಕಟ್ಟಿಕೊಂಡು ಬಾಗಿಲು ಕಾಯುವವನು ನಕ್ಕ. ಪಕ್ಕದಲ್ಲೇ ಒಂದು ಸಾದಾ ಬಾಗಿಲಿದೆ. "ಅದ ಮೊದ್ಲೇ ತೋರ್ಸಕ್ಕೆ ಏನಯ್ಯ ರೋಗ ನಿಂಗೆ?" ಅಂದೆ. ನಗು ನಿಂತಿತು.

ಈ ಡೈರಿ ತಮ್ಮ ಶಿವರಾಜು ಕೊಟ್ಟದ್ದು. ಗೊಬ್ಬರದ ಅಂಗಡಿಯವರು ಹಂಚಿದ್ದು, ವರ್ಷ ಮುಗಿಯುತ್ತಾ ಬಂದರೂ ಖಾಲಿ ಇತ್ತು. "ಅಣ್ಣ, ನಮ್ ಲಾಡ್ಜ್‌ನ ಹೊಸದಾಗಿ ಮಾಡನ. ಫ್ಯಾಕ್ಟ್ರಿಗೆ ಬರೋ ಆಫೀಸರುಗಳು ನಮ್ತಾವ ಇಳೀತಾ ಇಲ್ಲ, ಮೈಸೂರಿಗೆ ಓಯ್ತಾರೆ. ಅಂಥೋರು ಇಳಿಯೋ ದೊಡ್ಡ ಓಟ್ಲಲ್ಲಿ ನೀನು ಮೂರು ದಿವ್ಸ ಇದ್ದು, ಏನು ಸರಿಯಾಗದೆ, ಏನು ಸರಿಯಿಲ್ಲ, ಎಲ್ಲಾನೂ ನೋಡ್ಕೊಂಡು ಬಾ. ನಿನ್ ಕಣ್ಣು ಇನ್ಯಾರಿಗದೆ?" ಅಂದ. ಅದು ನಿಜ. ರೂಮಿನ ಬಾಗಿಲು ತೆಗೆದ ಕೂಡಲೇ ಹಿಂದಿನ ದಿನ ಇದ್ದವನು ಎಂಥವನು ಅಂತ ನಾನು ಹೇಳಬಲ್ಲೆ.

ನೋಡಿದ್ದನ್ನು ಬರೆದಿಡು ಅಂದಿದ್ದಾನೆ. ಬರೆಯುತ್ತೇನೆ, ಆದರೆ ತೋರಿಸುವುದಿಲ್ಲ. ನನ್ನ ಅಕ್ಷರ ನೋಡಿ ಅವನ ಹೆಂಡತಿ ರುದ್ರಾಣಿ ನಗುತ್ತಾಳೆ. ಊರಿಗೆ ಹೋಗಿ ಬಾಯಲ್ಲೇ ಹೇಳಿದರಾಯಿತು.

ನಂಜನಗೂಡಿನ ಬಸ್ ಸ್ಟ್ಯಾಂಡ್ ಎದುರು ನಮ್ಮದು ಹನ್ನೆರಡು ರೂಮಿನ ಲಾಡ್ಜು. ಕಲ್ಲು ಹೊತ್ತು ಕಟ್ಟಿಸಿದವನು ನಾನು. ಕಟ್ಟಡ, ಲೈಸೆನ್ಸು ಎಲ್ಲಾ ತಮ್ಮ ಶಿವರಾಜು ಹೆಸರಲ್ಲಿದೆ. ನಾನು ನಾಲ್ಕನೇ ಕ್ಲಾಸಿಗೆ ಬಿಟ್ಟವನು, ಆಫೀಸಿನವರ ಮುಂದೆ ನಿಂತರೆ ಎರಡನೇ ಮಾತಿಗೆ ಜಗಳ. ಅವನು ಓದಿದವನು, ನಗುನಗುತ್ತಾ ಕೆಲಸ ಮಾಡಿಸಿಕೊಳ್ಳುತ್ತಾನೆ. ಹೆಸರು ಯಾರದಾದರೇನು, ಬೀಗದ ಕೈ ನನ್ನ ಸೊಂಟದಲ್ಲಿದೆ. ಈ ಸಲ ಮಾತ್ರ ಗೊಂಚಲನ್ನು ಅವನ ಕೈಗೆ ಕೊಟ್ಟು ಬಂದೆ. ಒಂದನೇ ನಂಬರ್ ರೂಮಿನದು ಯಾವಾಗಲೂ ಉಡಿದಾರದಲ್ಲಿ ಬೇರೆ ಇರುತ್ತದೆ. ಅದನ್ನು ಬಿಚ್ಚಿ ಕೊಡುವುದು ಮರೆತೇ ಹೋಯಿತು. ಅಲ್ಲಿ ಏನು ಪೇಚಾಡುತ್ತಿದ್ದಾನೋ.

ಆರನೇ ಮಹಡಿ. ದಿಂಬು ಎತ್ತಿ ನೋಡಿದೆ, ಮಂಚದ ಕೆಳಗೆ ಬಗ್ಗಿ ನೋಡಿದೆ. ಯಾರದೋ ಒಂದು ಕಾಲುಚೀಲ ಸಿಕ್ಕಿತು. ಇಷ್ಟು ದೊಡ್ಡ ಹೋಟೆಲು. ಜವರಮ್ಮ ನಮ್ಮಲ್ಲಿ ಗುಡಿಸಿದರೆ ಮಂಚದ ಕೆಳಗೆ ಇರುವೆಯೂ ಉಳಿಯುವುದಿಲ್ಲ.

ಯಾರು ಮಾಡಿದ ಅಡುಗೆಯೋ, ನಾನು ಮುಟ್ಟುವುದಿಲ್ಲ. ನನ್ನ ಹೆಂಡತಿ ಪುಟ್ಟಗೌರಮ್ಮ ಕಟ್ಟಿಕೊಟ್ಟ ರೊಟ್ಟಿ, ಹುಚ್ಚೆಳ್ಳು ಚಟ್ನಿಪುಡಿ ತಿಂದೆ. ಪೆಟ್ಟಿಗೆ ಬಿಚ್ಚಿದರೆ ಏಳು ಪಂಚೆ ಇವೆ. ಮೂರು ದಿನಕ್ಕೆ ಏಳು ಪಂಚೆ. ಅವಳಿಗೆ ವಯಸ್ಸಾಯಿತು.

೫-೧೧-೨೦೦೧, ಸೋಮವಾರ

ರಾತ್ರಿಯೆಲ್ಲ ತಣ್ಣನೆ ಗಾಳಿಯ ಮೆಷಿನ್ನು ಅಕ್ಕಿ ಗಿರಣಿಯ ಹಾಗೆ ಸದ್ದು ಮಾಡಿತು. ಆರಿಸಿದರೆ ಸೆಕೆ. ಕಿಟಕಿ ತೆಗೆಯೋಣವೆಂದರೆ ಅದು ತೆಗೆಯುವ ಕಿಟಕಿಯೇ ಅಲ್ಲ, ಗೋಡೆಗೆ ಗಾಜು ಮೆತ್ತಿದ್ದಾರೆ. ನೆಲದ ರತ್ನಗಂಬಳಿಗೆ ಮಳೆಯಲ್ಲಿ ನೆಂದ ಕುರಿಯ ವಾಸನೆ. ಹಾಸಿಗೆಯ ದುಪ್ಪಟಿ ಬೆಳ್ಳಗಿದೆ, ಆದರೆ ಜಾರುತ್ತದೆ. ನಮ್ಮವು ಬದನವಾಳಿನ ಖಾದಿ. ಮೊದಲ ವರ್ಷ ಚುಚ್ಚುತ್ತದೆ, ಆಮೇಲೆ ಮಗುವಿನ ಚರ್ಮದ ಹಾಗಾಗುತ್ತದೆ.

ಬಚ್ಚಲಿನಲ್ಲಿ ಮಲಗುವ ತೊಟ್ಟಿ ಇದೆ, ಕಕ್ಕಸಿನ ಪಕ್ಕದಲ್ಲಿ ಫೋನಿದೆ, ಒಂದು ಬಕೆಟ್ಟು ಮಾತ್ರ ಇಲ್ಲ. ಸ್ನಾನ ಆಗದೆ ಲಿಂಗಪೂಜೆ ಇಲ್ಲ, ಪೂಜೆ ಆಗದೆ ಬಾಯಿಗೆ ನೀರಿಲ್ಲ. ಗಂಟೆ ಒತ್ತಿದೆ. ನನಗಿಂತ ಒಂದೆರಡು ವರ್ಷ ಚಿಕ್ಕವನು, ಬಿಳಿ ಕೋಟು ತೊಟ್ಟವನು ಬಂದ. ಮಾತು ತೆಗೆದ ಕೂಡಲೇ ಗುರುತು ಸಿಕ್ಕಿತು, ನಮ್ಮ ಕಡೆಯವನು. ಹೆಸರು ಮಾರಯ್ಯ, ಟಿ. ನರಸೀಪುರದ ಹತ್ತಿರದವನು. ಹೋಟೆಲು ಶುರುವಾದಾಗಿನಿಂದ ಇಲ್ಲೇ ಇದ್ದಾನೆ.

"ಬಕೇಟು ನಾನೇ ಒಂದ ಬಚ್ಚಿಟ್ಟಿವ್ನಿ ಸಾ. ನಮ್ ಕಡೆಯೋರು ಬಂದ್ರೆ ತಂದ್ಕೊಡ್ತೀನಿ. ಮೇನೇಜರ್‌ಗೆ ಗೊತ್ತಿಲ್ಲ" ಅಂದ.

ನೀನು ಯಾವ ಪೈಕಿ ಅಂತ ಕೇಳಿದೆ. "ಇಲ್ಲಿ ಎಲ್ರೂ ಯೂನಿಫಾರಮ್ ಪೈಕಿ ಸಾ" ಅಂದು ಬಕೆಟ್ಟು ತರಲು ಹೋದ. ಕೊಬ್ಬು. ಆದರೆ ಬಕೆಟ್ಟು ಬೆಳಗಿಟ್ಟಿದ್ದ.

ಕೆಳಗೆ ತಿಂಡಿಯ ಹಾಲ್ ನೋಡಿದೆ, ತಿನ್ನಲಿಲ್ಲ. ಟೈ ಕಟ್ಟಿದವರು ಒಬ್ಬೊಬ್ಬರೇ ಒಂದೊಂದು ಮೇಜಿಗೆ ಕೂತು ಪೇಪರಿನ ಹಿಂದೆ ಮುಖ ಮುಚ್ಚಿಕೊಂಡು ತಿನ್ನುತ್ತಾರೆ. ಯಾರಿಗೂ ಯಾರೂ ಯಾವೂರು ಅಂತ ಕೇಳುವುದಿಲ್ಲ. ಲಿಫ್ಟು ನಾಲ್ಕಕ್ಕೂ ಐದಕ್ಕೂ ನಡುವೆ ನಿಂತಿತು. ಒಳಗಿದ್ದ ಒಬ್ಬ ಟೈ, "ಇಟ್ ಆಲ್ವೇಸ್ ಡಸ್ ದಟ್" ಅಂದು ವಾಚು ನೋಡಿಕೊಂಡ. ದಿನಾ ನಿಲ್ಲುತ್ತದಂತೆ. ದಿನಾ ಇದಕ್ಕೇ ದುಡ್ಡು ಕೊಡುತ್ತಾರಂತೆ.

ಕೌಂಟರಿನ ಹುಡುಗಿ ನಯನಾಳನ್ನು ಕೇಳಿದೆ. "ಕಡೇಲಿ ಬರೋರಿಗೆ ಅಂತ ಒಂದು ರೂಮು ಇಟ್ಕೊಂಡಿರ್ತೀರೇನಮ್ಮ?"

ನಮ್ಮಲ್ಲಿ ಒಂದನೇ ನಂಬರು ಹಾಗೆ. ಸಂಜೆ ನರಸೀಪುರದ ಕಡೇ ಬಸ್ಸು ಬಂದು ನಿಲ್ಲುವ ತನಕ ಅದನ್ನು ಯಾರಿಗೂ, ತಹಸೀಲ್ದಾರನೇ ಬಂದರೂ, ಕೊಡುವುದಿಲ್ಲ. ಕಾಯಿಲೆಯವರನ್ನು ಕಟ್ಟಿಕೊಂಡು ನಂಜುಂಡನಿಗೆ ಹರಕೆ ತೀರಿಸಲು ಬರುವವರು ಯಾವಾಗಲೂ ಕಡೇ ಬಸ್ಸಿಗೇ ಬರುವುದು. ಮೂರು ಕಡೆ ಇಳಿದು ಹತ್ತಿ, ಹೊತ್ತು ಮುಳುಗಿಸಿಕೊಂಡು ಬರುತ್ತಾರೆ. ಕಂಡಕ್ಟರುಗಳಿಗೆಲ್ಲ ಲಾಡ್ಜು ನನ್ನ ಹೆಸರಲ್ಲೇ ಗೊತ್ತು. "ಮಲ್ಲಪ್ಪನ ಲಾಡ್ಜು, ಇಳೀರಿ" ಅಂತ ಕೂಗಿ ಇಳಿಸಿ ಹೋಗುತ್ತಾರೆ.

ನಯನ ಹೇಳಿದಳು, "ಇಲ್ಲ ಸರ್, ನಾವು ಇರೋದಕ್ಕಿಂತ ಜಾಸ್ತೀನೇ ಬುಕ್ ಮಾಡ್ಕೋತೀವಿ. ಒಂದಷ್ಟು ಜನ ಬರೋದೇ ಇಲ್ಲ."

"ಎಲ್ಲಾರೂ ಬಂದ್ಬುಟ್ರೆ?"

"ಬೇರೆ ಹೋಟೆಲ್‌ಗೆ ಕಾರ್‌ನಲ್ಲಿ ಕಳಿಸ್ತೀವಿ ಸರ್. ಕಾಂಪ್ಲಿಮೆಂಟರಿ."

"ಮಾತೂ ಕೊಟ್ಟು ಕಾರೂ ಅತ್ತಿಸ್ತೀರ. ಚೆನ್ನಾಗದೆ" ಅಂದೆ.

ಸಂಜೆ ಶಿವರಾಜು ಫೋನು ಮಾಡಿದ. ಹಿಂದೆ ಏನೋ ಗಡಗಡ ಸದ್ದು. ಏನೋ ಅದು ಅಂದರೆ ಬಸ್ ಸ್ಟ್ಯಾಂಡಿನ ರಸ್ತೆ ಅಗೆಯುತ್ತಿದ್ದಾರಂತೆ. ಒಂದನೇ ನಂಬರಿನ ಬೀಗದ ಕೈ ನನ್ನ ಹತ್ತಿರವೇ ಉಳಿದಿದೆ ಅಂದೆ. "ಇರ್ಲಿ ಬುಡಣ್ಣ, ಈಗೇನ್ ಅರ್ಜೆಂಟಿಲ್ಲ" ಅಂದ. ನಂಜುಂಡನ ಸೋಮವಾರ, ಅರ್ಜೆಂಟಿಲ್ಲವಂತೆ. ಅವನಿಗೆ ಇನ್ನೂ ವ್ಯಾಪಾರ ಹತ್ತಿಲ್ಲ. ಹೋದ ಮೇಲೆ ಕಲಿಸಬೇಕು.

೬-೧೧-೨೦೦೧, ಮಂಗಳವಾರ

ಇಲ್ಲಿಂದ ಕದಿಯಬೇಕಾದ್ದು: ಬೆರಳು ಗಾತ್ರದ ಸೋಪು. ಒಬ್ಬರು ಉಜ್ಜಿ ಬಿಟ್ಟಿದ್ದನ್ನು ಇನ್ನೊಬ್ಬರು ಉಜ್ಜುವ ಹಾಗಿಲ್ಲ. ಬೆಳಗ್ಗೆ ಇಷ್ಟು ಹೊತ್ತಿಗೆ ಎಬ್ಬಿಸಿ ಅಂದರೆ ಫೋನು ಮಾಡಿ ಎಬ್ಬಿಸುವುದು. ನಮ್ಮಲ್ಲಿ ಜವರಮ್ಮ ಬಾಗಿಲು ಬಡಿದರೆ ಅಕ್ಕಪಕ್ಕದ ನಾಲ್ಕು ರೂಮೂ ಏಳುತ್ತವೆ.

ಉಳಿದದ್ದೆಲ್ಲ ದಂಡ. ಬಿಸಿನೀರು ಬರುವಷ್ಟರಲ್ಲಿ ನಮ್ಮ ಹಂಡೆಯಲ್ಲಿ ಇಬ್ಬರು ಸ್ನಾನ ಮುಗಿಸುತ್ತಾರೆ. ಮೇಲಿನ ಬಚ್ಚಲು ಸೋರಿ ಗೋಡೆಯ ಮೇಲೆ ಕಂದು ಕಲೆ, ಅದಕ್ಕೆ ಮರೆಮಾಡಲು ಆನೆಯ ಚಿತ್ರ. ಚಿತ್ರ ಸರಿಸಿ ನೋಡಿದೆ.

"ಈ ಓಟ್ಲು ಮುಗೀತು ಕಣಯ್ಯ. ಕೆಡವಿ ಕಟ್ಟೋದೇ ಸರಿ" ಅಂದೆ ಮಾರಯ್ಯನಿಗೆ.

"ಕೆಡವಕ್ಕೇನ್ ಸಾ, ಒಂದ್ ವಾರ ಸಾಕು" ಅಂದ. "ಈ ಮಹಡೀಲಿ ಒಬ್ರು ಸಾಹೇಬ್ರು ಅವ್ರೆ, ಮದ್ರಾಸಿನೋರು. ವರ್ಷಕ್ಕೆ ನಾಕ್ ಸಲ ಬತ್ತಾರೆ, ಬಂದಾಗೆಲ್ಲ ಇದೇ ಮಹಡಿ. ಮೇಲ್ಗಡೆ ಹೊಸ ರೂಮು ಮಾಡವ್ರೆ, ಅಲ್ಲಿಗೆ ಓಗಿ ಸಾ ಅಂದ್ರೆ, ಮಾರಯ್ಯ ನೀನು ಯಾವ್ ಮಹಡೀಲಿದ್ದೀಯೋ ಅದೇ ಕೊಡು ಅಂತಾರೆ. ಲಿಫ್ಟ್‌ಗೂ ಬೈತಾರೆ, ಗಂಬ್ಳಿಗೂ ಬೈತಾರೆ. ಮತ್ ಬತ್ತಾರೆ."

ಬಚ್ಚಲಿನ ನಲ್ಲಿ ತೊಟ್ಟಿಕ್ಕುತ್ತಿತ್ತು. ಜನಿವಾರದಷ್ಟು ತೆಳ್ಳಗೆ ಪಂಚೆಯ ಅಂಚು ಹರಿದು ಒಳಗೆ ಸುತ್ತಿ ಬಿಗಿದೆ. ನಿಂತಿತು. ಇಷ್ಟಕ್ಕೆ ಯಾರಿಗೆ ಹೇಳುವುದು.

೮-೧೧-೨೦೦೧, ಗುರುವಾರ

ಮೂರು ದಿನ ನಿನ್ನೆಗೇ ಮುಗಿಯಿತು. ಶಿವರಾಜು ಫೋನು ಮಾಡಿ, "ಎಂಟೂ ಮಹಡಿ ನೋಡ್ದಾ? ಅಡಿಗೆ ಮನೆ ನೋಡ್ದಾ? ಸರ್ಯಾಗಿ ನೋಡ್ಕೊಂಡ್ ಬಾರಣ್ಣ, ಭಾನ್ವಾರದ್ ಗಂಟ ದುಡ್ಡು ಕಟ್ಟಿವ್ನಿ" ಅಂದ. ಕಾರ್ತೀಕ ಬರುತ್ತಿದೆ. ಕಾರ್ತೀಕ ಸೋಮವಾರಕ್ಕೆ ಮೊದಲು ಹನ್ನೆರಡೂ ರೂಮಿಗೆ ಸುಣ್ಣ ಆಗಬೇಕು. ನಾನಿಲ್ಲಿ ಆನೆ ಚಿತ್ರ ನೋಡಿಕೊಂಡು ಕೂತಿದ್ದೇನೆ.

ಲಾಡ್ಜಿಗೆ ಫೋನು ಮಾಡಿದೆ. ಎಷ್ಟು ಸಲ ಮಾಡಿದರೂ ಟುಂಯ್ ಅನ್ನುತ್ತದೆ. ರಸ್ತೆ ಅಗೆಯುವವರು ತಂತಿ ಕಡಿದಿರಬೇಕು.

ಮನೆಗೆ ಮಾಡಿದೆ. ಪುಟ್ಟಗೌರಮ್ಮ ಎತ್ತಿದಳು. ನಾಳೆ ಹೊರಡುತ್ತೇನೆ ಅಂದೆ.

"ಭಾನ್ವಾರ ಬನ್ನಿ."

"ಯಾಕೆ?"

"ಸುಮ್ನೆ ಬನ್ನಿ ಭಾನ್ವಾರ. ಈಗೇನ್ ಇಲ್ಲಿ ಗುಡ್ಡೆ ಬಿದ್ದೋಗಿರದು. ಸುಸ್ತಾಗಿದ್ದೀರಿ, ಎದೆ ನೋವು ಅಂತಿದ್ರಿ. ಎಲ್ಡ್ ದಿನ ಮಲೀಕಳಿ."

ಮದುವೆಯಾದಾಗಿನಿಂದ ನಾನು ಒಂದು ರಾತ್ರಿ ಹೊರಗಿದ್ದರೂ ಮುಖ ಊದಿಸಿಕೊಳ್ಳುವವಳು. ಈಗ ಇದ್ದು ಬನ್ನಿ ಅನ್ನುತ್ತಾಳೆ. ವಯಸ್ಸಾದ ಮೇಲೆ ಹೆಂಗಸರಿಗೆ ಪ್ರೀತಿ ಹೆಚ್ಚುತ್ತದೆ ಅಂತ ಕಾಣುತ್ತದೆ. ಧ್ವನಿ ಮಾತ್ರ ಶೀತ ಹಿಡಿದ ಹಾಗಿತ್ತು.

ರೊಟ್ಟಿ ಮುಗಿದಿದೆ. ಮಾರಯ್ಯ ಮೊಸರನ್ನ ತಂದಿಟ್ಟ.

ಎಂಟೂ ಮಹಡಿ ಹತ್ತಿಳಿದೆ. ನೋಡುವುದೇನೂ ಉಳಿದಿಲ್ಲ. ಮೂರನೇ ಮಹಡಿಯಲ್ಲಿ ಒಬ್ಬಳು ದುಪ್ಪಟಿ ಮಡಿಸುತ್ತಿದ್ದಳು, ತುದಿ ಸೇರುತ್ತಿರಲಿಲ್ಲ. ಇನ್ನೊಂದು ತುದಿ ನಾನು ಹಿಡಿದೆ. ಒಂದು ಗಾಡಿ ಪೂರ್ತಿ ಮಡಿಸಿದೆವು. ಹೊತ್ತು ಹೋಯಿತು.

೯-೧೧-೨೦೦೧, ಶುಕ್ರವಾರ

ಮಧ್ಯಾಹ್ನ ಕೆಳಗೆ ಕೂತಿದ್ದೆ. "ಯಜಮಾನ್ರೇ, ನೀವಿಲ್ಲಿ?" ಅಂತ ಯಾರೋ ಕೂಗಿದರು. ನೋಡಿದರೆ ಮದನ್. ಬೀಜದ ಕಂಪನಿಯ ಹುಡುಗ, ತಿಂಗಳಿಗೆರಡು ಸಲ ನಮ್ಮ ಏಳನೇ ನಂಬರಿನಲ್ಲಿ ಇಳಿಯುವವನು. ಇವರ ಕಂಪನಿಯ ಮೀಟಿಂಗು ಇಲ್ಲಿ. ನಮ್ಮೂರಿನ ಮುಖ ನೋಡಿ ನನಗೆ ಖುಷಿಯಾಯಿತು. ಕೂರಿಸಿಕೊಂಡೆ. ಹೊಸ ಲಾಡ್ಜು ಹೇಗಿರುತ್ತದೆ, ಬೆರಳು ಸೋಪು, ಫೋನು, ಎಲ್ಲಾ ಹೇಳಿದೆ. ಅವನು ಹೂಂ ಹೂಂ ಅಂದ.

"ಮೊನ್ನೆ ಬುಧವಾರ ಬಂದಿದ್ದೆ ಯಜಮಾನ್ರೇ. ಲಾಡ್ಜ್ ಸುತ್ತಾ ತಗಡು ಕಟ್ಟಿದ್ರಲ್ಲ. ಇಳಿಯೋಕೆ ಜಾಗ ಇಲ್ದೆ ಮೈಸೂರಿಗೆ ಹೋದೆ."

"ರಸ್ತೆ ಅಗೀತಾವ್ರೆ. ಅದಕ್ಕೆ ಕಟ್ಟವ್ರೆ."

"ರಸ್ತೆ ಚೆನ್ನಾಗೇ ಇದೆ. ಒಳಗಡೆ ಜೆಸಿಬಿ ಇತ್ತು. ಮೇಲ್ಗಡೆ ರೂಮುಗಳು..." ಅಂದು ನಿಲ್ಲಿಸಿದ. ನನ್ನ ಮುಖ ನೋಡಿದ. "ನಿಮ್ಗೆ ಗೊತ್ತಿಲ್ವಾ?"

ಬೈದೆ. ಅವನ ಅಪ್ಪ ಅಮ್ಮನನ್ನೂ ಸೇರಿಸಿ ಬೈದೆ. ಸುಳ್ಳ, ಎಷ್ಟು ಕುಡ್ದಿದ್ಯೋ ಬುಧವಾರ ಅಂದೆ. ಇಡೀ ಹೋಟೆಲು ತಿರುಗಿ ನೋಡಿತು. ಮದನ್ ಎದ್ದು ಹೋಗಿ ನನಗೆ ಒಂದು ಲೋಟ ನೀರು ತಂದು ಎದುರಿಗಿಟ್ಟ. ಅವನು ತಿರುಗಿ ಬೈದಿದ್ದರೆ ನಾನು ನಂಬುತ್ತಿರಲಿಲ್ಲ.

ಕೌಂಟರಿನಿಂದಲೇ ಮನೆಗೆ ಫೋನು ಹಚ್ಚಿಸಿದೆ. ರುದ್ರಾಣಿ ಎತ್ತಿದಳು.

"ಶಿವರಾಜು ಎಲ್ಲಮ್ಮ?"

"ಸೈಟ್‌ತಾವ ಓಗವ್ರೆ ಭಾವ."

"ಯಾವ ಸೈಟು?"

ರಿಸೀವರಿಗೆ ಕೈ ಮುಚ್ಚಿದಳು, ಸರಿಯಾಗಿ ಮುಚ್ಚಲಿಲ್ಲ. ಹಿಂದಿನಿಂದ ಪುಟ್ಟಗೌರಮ್ಮನ ಧ್ವನಿ ಕೇಳಿಸಿತು. "ಯೋಳ್ಬ್ಯಾಡ ಕಣೇ, ಈಗ್ಲೇ ಯೋಳ್ಬ್ಯಾಡ."

ಫೋನು ಇಟ್ಟೆ.

ಏಳು ಪಂಚೆ.

೧೦-೧೧-೨೦೦೧, ಶನಿವಾರ. ನಂಜನಗೂಡು

ಬೆಳಗ್ಗೆ ಪೆಟ್ಟಿಗೆ ಹಿಡಿದು ಹೊರಟಾಗ ಮಾರಯ್ಯ ತನ್ನ ಸಾಮಾನಿನ ಕೋಣೆಗೆ ಕರೆದ. ಅವನ ಡಬ್ಬಿಯಲ್ಲಿ ಉಪ್ಪಿಟ್ಟು ಇತ್ತು, ಇಬ್ಬರೂ ತಿಂದೆವು. "ಬಕೇಟು ಅಲ್ಲೇ ಇರ್ತದೆ ಸಾ" ಅಂದ. ಸುತ್ತುವ ಬಾಗಿಲಿನಲ್ಲಿ ಹೊರಗೆ ಬಂದೆ.

ಮೈಸೂರು, ತಾಂಡವಪುರ, ಕಪಿಲೆ ಸೇತುವೆ. ಕಂಡಕ್ಟರು ಅಭ್ಯಾಸದಂತೆ ಕೂಗಿದ, "ಮಲ್ಲಪ್ಪನ ಲಾಡ್ಜು." ಇಳಿದೆ.

ತಗಡಿನ ಸಂದಿಯಲ್ಲಿ ನೋಡಿದೆ. ಮೇಲಿನ ಆರು ರೂಮು ಇಲ್ಲ. ಕೆಳಗೆ ಗೋಡೆಗಳು ಸೊಂಟದ ಮಟ್ಟಕ್ಕೆ ನಿಂತಿವೆ. ಒಂದನೇ ನಂಬರಿನ ನೀಲಿ ಬಣ್ಣದ ಗೋಡೆ ಒಂದೇ ಪೂರ್ತಿ ಇದೆ, ಅದರಲ್ಲಿ ಬಟ್ಟೆ ನೇತುಹಾಕುವ ಮೊಳೆ. ಆ ಮೊಳೆ ಹೊಡೆದವನು ನಾನು. ಮೇಲಿನ ಮಹಡಿಯ ಸ್ನಾನದ ಹಂಡೆ ಕೆಳಗೆ ಬೋರಲಾಗಿ ಬಿದ್ದಿದೆ.

ಜವರಮ್ಮ ತಗಡಿನ ಹೊರಗೆ ಕೂತಿದ್ದಳು. ನನ್ನನ್ನು ನೋಡಿ ಎದ್ದಳು. "ಓಗಿ ಅಂದ್ರು ಅಯ್ಯ, ಎಲ್ಲಿಗೋಗ್ಲಿ? ನೀವ್ ಬರ್ಲಿ ಅಂತ ಕೂತಿವ್ನಿ. ಅಯ್ಯಂಗೆ ಗೊತ್ತಿದ್ದೇ ಓಗವ್ರೆ ಅಂದ್ರು ಚಿಕ್ಕಯ್ಯ. ನಂಬ್ಲಿಲ್ಲ ನಾನು."

ಇವಳೊಬ್ಬಳು ನಂಬಲಿಲ್ಲ.

ಅಷ್ಟರಲ್ಲಿ ಶಿವರಾಜು ಬಂದ. ಜೊತೆಗೆ ಬೆಂಗಳೂರಿನವನೊಬ್ಬ ಕಾಗದದ ಸುರುಳಿ ಹಿಡಿದಿದ್ದ, ಪಾಲುದಾರನಂತೆ. ಮೂರು ಅಂತಸ್ತಿನ ಅಂಗಡಿ ಸಾಲು ಬರುತ್ತದಂತೆ. ಶಿವರಾಜು ನನ್ನನ್ನು ನೋಡಿದ ಕೂಡಲೇ ಎರಡು ಹೆಜ್ಜೆ ಹಿಂದಕ್ಕೆ ಹೋದ. ನಾನು ಕೈ ಎತ್ತುತ್ತೇನೆ ಅಂತ. ಊರೆಲ್ಲ ಹಾಗೆಯೇ ಕಾದು ನಿಂತಿತ್ತು.

"ಅಣ್ಣ, ನಾಳೆ ಬತ್ತೀಯ ಅಂದಿದ್ರು. ನಿಂತಾವ ಕೂತು ಎಲ್ಲಾನೂ ಯೋಳನ ಅಂತಿದ್ದೆ."

ನಾನು ಪೆಟ್ಟಿಗೆ ಕೆಳಗಿಟ್ಟೆ.

"ಮೊದ್ಲೇ ಯೋಳಿದ್ರೆ ಬಾಗ್ಲಿಗಡ್ಡ ಮಲೀಕತಿದ್ದೆ ನೀನು."

"ಮಲೀಕತಿದ್ದೆ."

"ಅದ್ಕೇ ಕಣಣ್ಣ."

ಬೈಯಲು ಬಾಯಿ ತೆಗೆದೆ. ಬೈಯದೆ ಪಂಚೆಗೆ ಹತ್ತಿದ್ದ ಬಸ್ಸಿನ ಧೂಳು ಕೊಡವಿದೆ.

ಅವನು, "ಓಟ್ಲು ಎಂಗಿತ್ತಣ್ಣ?" ಅಂದುಬಿಟ್ಟ. ಕೇಳಿದ ಮೇಲೆ ಅವನ ಮುಖವೇ ಕಪ್ಪಾಯಿತು.

ಕೇಳಿದ್ದಾನೆ, ಹೇಳಿದೆ. ಅದಕ್ಕೇ ತಾನೇ ಕಳಿಸಿದ್ದು. "ಓಟ್ಲು ಅಳೇದು. ಲಿಫ್ಟು ಅರ್ಧಕ್ಕೆ ನಿಲ್ತದೆ. ಗಂಬ್ಳಿ ನಾರ್ತದೆ. ಮೇಲ್ಗಡೆ ಬಚ್ಲು ಸೋರ್ತದೆ, ಆನೆ ಚಿತ್ರ ತಗಲಾಕವ್ರೆ. ಬಕೇಟಿಲ್ಲ. ಅಲ್ಲಿರೋ ಒಬ್ನು ಅಲ್ಲೇ ಮುದುಕ ಆಗವ್ನೆ, ಅವ್ನ ನೋಡಕ್ಕೆ ಅಂತ್ಲೇ ಜನ ಬತ್ತಾರೆ. ಅವ್ನ ಬೇರೆ ಊರಲ್ಲಿ ಮಲಗ್ಸಿ ಯಾರೂ ಓಟ್ಲು ಕೆಡವಿಲ್ಲ."

ಪಾಲುದಾರ ಕಾಗದದ ಸುರುಳಿ ಇನ್ನೂ ಬಿಗಿಯಾಗಿ ಸುತ್ತಿದ.

೧೧-೧೧-೨೦೦೧, ಭಾನುವಾರ

ಮಾತಾಡಲಿಲ್ಲ. ಯಾರ ಜೊತೆಗೂ.

೧೩-೧೧-೨೦೦೧, ಮಂಗಳವಾರ

ನಮ್ಮದು ಒಂದೇ ಕಾಂಪೌಂಡು. ಮುಂದೆ ಶಿವರಾಜುವಿನ ಹೊಸ ಮನೆ, ಗ್ರಾನೈಟ್ ಹಾಸಿನ ಹಾಲು. ಹಿಂದೆ ನಮ್ಮ ಹಳೇ ಮನೆ. ಲಾಡ್ಜಿನ ಮಂಚಗಳನ್ನೆಲ್ಲ ತಂದು ನಮ್ಮ ಹಳೇ ಮನೆಗೆ ತುರುಕಿದ್ದಾರೆ. ನಡುಮನೆ ತುಂಬಾ ಮಂಚ, ಒಂದರ ಮೇಲೊಂದು. ನಾವಿಬ್ಬರೂ ಅಡುಗೆ ಮನೆಯಲ್ಲಿ ಮಲಗುತ್ತೇವೆ, ಅವಳು ಆ ಗೋಡೆಗೆ, ನಾನು ಈ ಗೋಡೆಗೆ.

ಅವಳೇ ಶುರು ಮಾಡಿದಳು. "ಬಯ್ದುಬುಡಿ. ಇಂಗೆ ಕೂರ್ಬ್ಯಾಡಿ."

"ನಿಂಗೆ ಯಾವಾಗಿಂದ ಗೊತ್ತು?"

"ದಸರಾ ಆದ್ಮೇಲಿಂದ."

"ಪಂಚೆ ಮಡಿಸ್ವಾಗ ಗೊತ್ತಿತ್ತು."

"ಗೊತ್ತಿತ್ತು." ಅವಳು ಸೆರಗು ಬಾಯಿಗೆ ಒತ್ತಿಕೊಂಡಳು. "ಎಂಗಿದ್ರೂ ಕೆಡೀವ್ತೀನಿ ಅತ್ತಿಗಮ್ಮ, ನಿಲ್ಸಕ್ಕಾಗಲ್ಲ ಅಂದ. ಹಾರೆ ಬೀಳೋದ ನೀವು ಕಣ್ಣಲ್ಲಿ ನೋಡಿದ್ರೆ ಅಲ್ಲೇ ಬಿದ್ದೋಯ್ತಿದ್ರಿ. ಲಾಡ್ಜೂ ಓಗಿ ನೀವೂ ಓದ್ರೆ ನಾನ್ ಯಾರಿಗ್ ರೊಟ್ಟಿ ಸುಡ್ಲಿ? ಕಣ್ಣಿಗ್ ಬೀಳ್ದೆ ಇರ್ಲಿ ಅಂತ ಕಳ್ಸ್‌ದೆ."

ಅವಳ ಲೆಕ್ಕ ಅವಳಿಗೆ ಸರಿ. ಶಿವರಾಜುವಿನ ಲೆಕ್ಕ ಅವನಿಗೆ ಸರಿ. ನಾನು ಕೂಗಾಡುತ್ತೇನೆ, ಹೌದು. ಕೂಗಾಡಿ ಮುಗಿದ ಮೇಲೆ ನಾನು ಏನು ಮಾಡುತ್ತಿದ್ದೆ ಅನ್ನುವುದನ್ನು ನೋಡುವ ತಾಳ್ಮೆ ಯಾರಿಗೂ ಇರಲಿಲ್ಲ. ಒಂದು ದಿನ ಮೊದಲು ಹೇಳಿದ್ದರೆ ಸಾಕಿತ್ತು. ಹಂಡೆಯನ್ನಾದರೂ ನಾನೇ ಇಳಿಸುತ್ತಿದ್ದೆ. ಅಷ್ಟು ಎತ್ತರದಿಂದ ಬೋರಲಾಗಿ ಬೀಳುತ್ತಿರಲಿಲ್ಲ.

ಅವಳು ಎದ್ದು ಹೋಗಿ ಮೂಲೆಯ ಟ್ರಂಕು ತೆಗೆದಳು. ಬದನವಾಳಿನ ದುಪ್ಪಟಿಗಳನ್ನೆಲ್ಲ ಗುಜರಿಗೆ ಹಾಕಿದ್ದರಂತೆ. ಎರಡು ಜೊತೆ ಅಡಗಿಸಿಟ್ಟಿದ್ದಾಳೆ, ಒಂದನೇ ನಂಬರಿನವು. ತೋರಿಸಿ ಮತ್ತೆ ಒಳಗಿಟ್ಟಳು. ನಾನು ಗೋಡೆಗೆ ತಿರುಗಿ ಮಲಗಿದೆ.

೨೦-೧೧-೨೦೦೧, ಮಂಗಳವಾರ

ನಿನ್ನೆ ಮೊದಲನೇ ಕಾರ್ತೀಕ ಸೋಮವಾರ. ಊರು ತುಂಬಿತ್ತು. ಬೇರೆ ಲಾಡ್ಜುಗಳೆಲ್ಲ ಮಧ್ಯಾಹ್ನಕ್ಕೇ ಭರ್ತಿ. ಮನೆಯಲ್ಲಿ ಕೂರಲಾಗಲಿಲ್ಲ. ಸಂಜೆ ಹೋಗಿ ತಗಡಿನ ಹೊರಗೆ ಜವರಮ್ಮನ ಪಕ್ಕ ಕೂತೆ. ನರಸೀಪುರದ ಕಡೇ ಬಸ್ಸು ಬಂತು. "ಮಲ್ಲಪ್ಪನ ಲಾಡ್ಜು" ಅಂತ ಕಂಡಕ್ಟರು ಕೂಗಿದ. ಲಾಡ್ಜು ಹೋಗಿ ಎರಡು ವಾರವಾದರೂ ಕೂಗುತ್ತಾನೆ, ಸ್ಟಾಪಿಗೆ ಬೇರೆ ಹೆಸರು ಅವನಿಗೆ ಗೊತ್ತಿಲ್ಲ.

ಮೂರು ಜನ ಇಳಿದರು. ಹನೂರಿನ ಕಡೆಯವರು. ಗಂಡ, ಹೆಂಡತಿ, ಅವನ ತಾಯಿ. ಮುದುಕಿಯ ಮೈಯೆಲ್ಲ ಸುಟ್ಟ ಹಾಗೆ ಕಜ್ಜಿ ಎದ್ದಿತ್ತು, ಕಂಬಳಿ ಹೊದ್ದಿದ್ದಳು. ಅವನು ತಗಡನ್ನು ನೋಡಿದ, ನನ್ನನ್ನು ನೋಡಿದ.

"ಮಲ್ಲಪ್ನೋರ ಲಾಡ್ಜು ಎಲ್ಲಿ ಸಾಮಿ? ಒಂದ್ ರೂಮು ಇದ್ದೇ ಇರ್ತದೆ ಅಂತ ಕಂಡಕ್ಟ್ರು ಯೋಳುದ್ರು."

ಜವರಮ್ಮ ನನ್ನ ಮುಖ ನೋಡಿದಳು.

"ಅದೆ, ಬನ್ನಿ" ಅಂದೆ. ಬಾಯಿಗೆ ಬಂದದ್ದು ಅದೇ. ಮೂವತ್ತು ವರ್ಷ ಅದನ್ನೇ ಹೇಳಿದ್ದೇನೆ.

ನಮ್ಮ ಹಳೇ ಮನೆಯಲ್ಲಿ ಮಂಚಗಳಿವೆ, ಮಂಚ ಹಾಕಲು ಜಾಗವಿಲ್ಲ. ಮುಂದಿನ ಮನೆಯ ಬಾಗಿಲು ತಟ್ಟಿದೆ. ರುದ್ರಾಣಿ ತೆಗೆದಳು. ಮೂವರನ್ನೂ ಗ್ರಾನೈಟಿನ ಮೇಲೆ ನಡೆಸಿಕೊಂಡು ಹೋಗಿ ಟೀವಿಯ ಎದುರು ನಿಲ್ಲಿಸಿದೆ. ಶಿವರಾಜು ಸೋಫಾದಿಂದ ಎದ್ದ.

"ಭಾವ, ಏನಿದು?" ಅಂದಳು ರುದ್ರಾಣಿ. "ನೆಂಟ್ರು ಬರೋ ಮನೆ ಇದು."

"ಬಂದವ್ರಲ್ಲ ನೆಂಟ್ರು. ಅನ್ನೆಲ್ಡು ರೂಮು ಒಡೆದ್ರಿ, ಒಂದ್ ರೂಮು ಕೊಡಿ. ಸೋಫಾನ ಅತ್ಲಾಗ್ ತಳ್ರಿ."

"ಎಷ್ಟ್ ದಿನ ಅಣ್ಣ?" ಅಂದ ಶಿವರಾಜು, ಮೆಲ್ಲಗೆ.

"ಇವ್ರು ಮೂರ್ ದಿವ್ಸ. ಆಮೇಕೆ ಬರೋರ್ದು ಅವ್ರು ಬಂದ್ಮೇಕೆ."

ಅವನು ರುದ್ರಾಣಿಯ ಮುಖ ನೋಡಿದ. ಆಮೇಲೆ ಕಂಬಳಿ ಹೊದ್ದ ಮುದುಕಿಯನ್ನು ನೋಡಿದ. ಸೋಫಾದ ಒಂದು ತುದಿ ಅವನೇ ಹಿಡಿದ. ಅಷ್ಟರಲ್ಲಿ ಪುಟ್ಟಗೌರಮ್ಮ ಹಿಂದಿನ ಬಾಗಿಲಿನಿಂದ ದುಪ್ಪಟಿ ತಂದಿದ್ದಳು. ಯಾರೂ ಹೇಳಿರಲಿಲ್ಲ. ಒಂದು ತುದಿ ನನ್ನ ಕೈಗಿಟ್ಟಳು. ಹಾಸಿದೆವು.

ಅವಳನ್ನು ಕ್ಷಮಿಸಿದೆ ಅಂತ ಅಲ್ಲ. ದುಪ್ಪಟಿ ಹಾಸಲು ಎರಡು ಜನ ಬೇಕು.

ಅಭ್ಯಾಸದಂತೆ ಉಡಿದಾರದಿಂದ ಬೀಗದ ಕೈ ಬಿಚ್ಚಿ ಹನೂರಿನವನಿಗೆ ಕೊಟ್ಟೆ. ಅವನು ಸುತ್ತಲೂ ನೋಡಿ, "ಬೀಗ ಎಲ್ಲಿ ಸಾಮಿ?" ಅಂದ. ನಿನ್ ತಾವ ಇಟ್ಕ, ಓಗುವಾಗ ಕೊಡು ಅಂದೆ.

ಇವತ್ತು ಬೆಳಗ್ಗೆ ಮುಂದಿನ ಮನೆಗೆ ಹೋದೆ. ಶಿವರಾಜು ಹೆಗಲ ಮೇಲೆ ಟವೆಲು ಹಾಕಿಕೊಂಡು, ಕೈಯಲ್ಲಿ ಸೋಪಿನ ಡಬ್ಬಿ ಹಿಡಿದು ಬಚ್ಚಲ ಬಾಗಿಲ ಎದುರು ನಿಂತಿದ್ದ. ಒಳಗೆ ನೀರು ಸುರಿಯುವ ಸದ್ದು.

"ಒಂದ್ನೇ ನಂಬರ್‌ನೋರು ಒಳಗವ್ರೆ ಅಣ್ಣ" ಅಂದ.

"ಕಾಯಿ" ಅಂದೆ.